ಬಂಡಿಯ ಕಡೆಗೀಲು

ಹುಲಿಗಿಯ ಜಾತ್ರೆಗೆ ಈಗ ನೀವೆಲ್ಲ ಸಂಸಾರಸಮೇತ ವ್ಯಾನುಗಳಲ್ಲಿ ಹೋಗುತ್ತೀರಿ. ಹಿಂದೆ ಕಮಾನು ಕಟ್ಟಿದ ಸವಾರಿ ಬಂಡಿಯೇ ನಮಗೆ ಮನೆ. ಬುತ್ತಿ, ಹಾಸಿಗೆ, ಮೇವು ಎಲ್ಲವೂ ಅದರಲ್ಲಿಯೇ. ಹುಬ್ಬಳ್ಳಿ–ಗುಂತಕಲ್ಲು ರೈಲುಮಾರ್ಗ 19ನೆಯ ಶತಮಾನದಲ್ಲಿಯೇ ಕೊಪ್ಪಳವನ್ನು ಮುಟ್ಟಿತ್ತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಬಸ್ಸು ಕಾಣದ ಹಳ್ಳಿಗಳಿಗೆ ಬಹುಕಾಲ ಬಂಡಿಯೇ ಗತಿಯಾಗಿತ್ತು.

ಬದಲಿ ಗಾಲಿಯನ್ನು ಯಾರೂ ಒಯ್ಯುತ್ತಿರಲಿಲ್ಲ. ಒಯ್ಯುತ್ತಿದ್ದುದು ಬದಲಿ ಕಡೆಗೀಲು, ಹಗ್ಗ, ಕೊಡಲಿ, ಕೀಲೆಣ್ಣೆ. ಅಚ್ಚಿನಿಂದ ಗಾಲಿ ಕಳಚದಂತೆ ತಡೆಯುವ ಚಿಕ್ಕ ಕಬ್ಬಿಣವೇ ಕಡೆಗೀಲು. ಜೇಡರ ದಾಸಿಮಯ್ಯನವರೂ ಅದನ್ನು ವಚನವೊಂದರಲ್ಲಿ ದೃಷ್ಟಾಂತವಾಗಿಸಿದ್ದಾರೆ.

ನಾನು ಎರಡನೆಯ ತರಗತಿಯಲ್ಲಿದ್ದಾಗ, ಹೊರಡುವ ಮುನ್ನ ಕೀಲು ನೋಡುವ ಕೆಲಸವನ್ನು ಅಜ್ಜ ನನಗೆ ಒಪ್ಪಿಸಿದ್ದರು. ನೋಡದೆಯೇ "ನೋಡೀನಿ" ಎಂದೆ. ಯಲಬುರ್ಗಾದ ಎರೆನೆಲದ ದಾರಿಯಲ್ಲಿ ಗಾಲಿ ಕಳಚಿ ಬಂಡಿ ವಾಲಿತು; ಗರ್ಭಿಣಿಯಾಗಿದ್ದ ಸೋದರತ್ತೆ ಕೆಳಗುರುಳಿದರು. ದೈವಕೃಪೆಯಿಂದ ಪೆಟ್ಟಾಗಲಿಲ್ಲ. ಅಜ್ಜ ಬೈಯಲಿಲ್ಲ. ಗಾಲಿ ಕೂಡಿಸಿದ ಮೇಲೆ ಬದಲಿ ಕೀಲನ್ನು ನನ್ನ ಕೈಗಿತ್ತು, "ಈಗ ನೀನ ಹಾಕು" ಎಂದರು. ಆ ಕಬ್ಬಿಣದ ತಂಪು ಇನ್ನೂ ಅಂಗೈಯಲ್ಲಿದೆ.

ಆದುದರಿಂದ ಸ್ಟೆಪ್ನಿಯ ಗಾಳಿ, ಜಾಕು, ಪಾನಾಗಳನ್ನು ಮನೆಯಂಗಳದಲ್ಲಿಯೇ ನೋಡಿಕೊಳ್ಳಿರಿ. ನೋಡದೆ ಮಾತ್ರ "ನೋಡೀನಿ" ಎನ್ನಬೇಡಿರಿ.