ತೊರೆಯ ದೇವತೆಯ ಕೈಯಲ್ಲೊಂದು ಮನೆ: ಸಾರ್‌ಬುರ್ಗ್‌ನ ಹರಕೆಯ ಕಲ್ಲು

ಪ್ರಾಚೀನ ಗಾಲ್ ದೇಶದ ಧರ್ಮವನ್ನು ನಮ್ಮ ಸಭಾಚರಿತ್ರೆಯ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ದ್ರೂಯಿಡರೆಂಬ ಪುರೋಹಿತರಿದ್ದರು, ಪವಿತ್ರವಾದ ತೋಪುಗಳಿದ್ದವು, ಸುವಾರ್ತೆ ಬಂದ ಮೇಲೆ ಅವೆಲ್ಲ ಅಳಿದುಹೋದವು. ಆ ಜನರು ತಮ್ಮ ದೇವತೆಗಳಿಂದ ಏನನ್ನು ಬೇಡುತ್ತಿದ್ದರೆಂದು ನಾವು ವಿಚಾರಿಸುವುದು ಅಪರೂಪ. ವಿಚಾರಿಸುವವರಿಗೆ ಉತ್ತರ ಕೊಡಬಲ್ಲ ಕಲ್ಲೊಂದು ಫ್ರಾನ್ಸಿನ ಮೆಟ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

1895ರಲ್ಲಿ ಲೊರೇನ್ ಪ್ರಾಂತ್ಯದ ಸಾರ್‌ಬುರ್ಗ್‌ನಲ್ಲಿ ಮಿಥ್ರಾಸ್ ದೇವನ ಗುಡಿಯನ್ನು ಅಗೆದಾಗ ದೊರೆತ ಬಲಿಪೀಠವಿದು. ಅದರ ಮೇಲೆ ಇಬ್ಬರು ನಿಂತಿದ್ದಾರೆ. ಪುರುಷನ ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ ಮತ್ತು ಒಂದು ಕುಡಿಕೆ. ನಿಲುವಂಗಿ ತೊಟ್ಟ ಸ್ತ್ರೀಯು ಒಂದು ಕೈಯಿಂದ ಪೀಠದ ಮೇಲೆ ಬಟ್ಟಲನ್ನು ಹಿಡಿದಿದ್ದಾಳೆ. ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಮಾಡು ಹೊದಿಸಿದ ಪುಟ್ಟ ಮನೆ. ಕೆಳಗಡೆ ಒಂದು ಕಾಗೆ. ಮಾಸ್ಸನ ಮಗನಾದ ಬೆಲ್ಲೌಸುಸನು ಸುಕೆಲ್ಲುಸ್ ದೇವನಿಗೂ ನಾಂಟೊಸುವೆಲ್ತಾ ದೇವತೆಗೂ ಹೊತ್ತ ಹರಕೆಯನ್ನು ಮನಃಪೂರ್ವಕವಾಗಿ, ಸಲ್ಲತಕ್ಕ ರೀತಿಯಲ್ಲಿ ತೀರಿಸಿದನೆಂದು ಲತೀನ್ ಬರಹ ತಿಳಿಸುತ್ತದೆ. ಹರಕೆ ತೀರಿಸಿದ ಮಾತನ್ನು ನಾಲ್ಕೇ ಅಕ್ಷರಗಳಲ್ಲಿ ಸಂಕ್ಷೇಪಿಸಲಾಗಿದೆ. ಅದು ಅಷ್ಟೊಂದು ರೂಢಿಯಲ್ಲಿದ್ದ ಮಾತು; ಓದುವವರಿಗೆ ನಾಲ್ಕು ಅಕ್ಷರಗಳೇ ಸಾಕಾಗುತ್ತಿದ್ದವು.

ದೇವತೆಯ ಹೆಸರಿನಲ್ಲಿ ನೀರಿದೆ. ವೆಲ್ಷ್ ಭಾಷೆಯಲ್ಲಿ ಇಂದಿಗೂ ‘ನಂಟ್’ ಎಂದರೆ ತೊರೆ. (ನಮ್ಮ ನಂಟಿಗೂ ಅದಕ್ಕೂ ಯಾವ ನಂಟೂ ಇಲ್ಲ.) ಸುತ್ತಿ ಬಳಸಿ ಹರಿಯುವ ತೊರೆಯೆಂದು ಕೆಲವರು, ಬಿಸಿಲು ಬೀಳುವ ಕಣಿವೆಯೆಂದು ಇನ್ನು ಕೆಲವರು ಆ ಹೆಸರನ್ನು ಅರ್ಥೈಸಿದ್ದಾರೆ. ಆಕೆಯ ಕಥೆಯಾಗಲಿ ಸ್ತೋತ್ರವಾಗಲಿ ಉಳಿದಿಲ್ಲ; ದ್ರೂಯಿಡರು ತಮ್ಮ ಬೋಧನೆಯನ್ನು ಬರಹಕ್ಕೆ ಇಳಿಸುತ್ತಿರಲಿಲ್ಲವೆಂದು ಜೂಲಿಯಸ್ ಸೀಸರನೇ ಹೇಳುತ್ತಾನೆ. ಅದೇ ಸೀಸರನು ಗಾಲರ ದೇವತೆಗಳನ್ನು ಎಣಿಸುವಾಗ ಮರ್ಕ್ಯುರಿ, ಅಪೊಲೊ, ಮಾರ್ಸ್, ಜೂಪಿಟರ್, ಮಿನರ್ವ ಎಂಬ ರೋಮನ್ ಹೆಸರುಗಳನ್ನೇ ಕೊಡುತ್ತಾನೆ. ಆ ಪಟ್ಟಿಯಲ್ಲಿ ಕೋಲಿನ ಮೇಲೆ ಮನೆ ಹೊತ್ತವಳಿಗೆ ಸ್ಥಳವಿಲ್ಲ. ಅನ್ಯರ ಧರ್ಮವನ್ನು ನಮಗೆ ಗೊತ್ತಿರುವ ಹೆಸರುಗಳಲ್ಲಿ ಬರೆದಿಡುವುದು ಸುಲಭ. ಹಾಗೆ ಬರೆದಾಗ ಮೊದಲು ಬಿಟ್ಟುಹೋಗುವುದು ಒಲೆ, ಬಾವಿ, ಹಗೇವುಗಳ ದೇವತೆಗಳೇ.

ಬೆಲ್ಲೌಸುಸನ ಹರಕೆಯನ್ನು ಹಾಸ್ಯಮಾಡುವ ಮುನ್ನ ಬೇತೇಲಿನಲ್ಲಿ ಯಾಕೋಬನು ಹೊತ್ತ ಹರಕೆಯನ್ನು ನೆನೆಯೋಣ. ಅವನು ಕೇಳಿಕೊಂಡದ್ದು ಉಣ್ಣಲು ಅನ್ನ, ಉಡಲು ಬಟ್ಟೆ, ಸುರಕ್ಷಿತವಾಗಿ ತಂದೆಯ ಮನೆಗೆ ಮರಳುವ ಭಾಗ್ಯ. ಬೇಡಿಕೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಕೊಡುವವರು ಯಾರು ಎಂಬಲ್ಲಿಯೇ ವ್ಯತ್ಯಾಸ. ಹೋಶೇಯನ ಎರಡನೆಯ ಅಧ್ಯಾಯದ ವ್ಯಾಜ್ಯವೂ ಇದೇ: ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಇಸ್ರಾಯೇಲು ಪಡೆದದ್ದು ತಪ್ಪಲ್ಲ, ಕೊಟ್ಟವನನ್ನು ಅರಿಯದೆಹೋದದ್ದೇ ತಪ್ಪು. ಪ್ರವಾದಿಯು ಜನರ ಹಸಿವನ್ನು ಎಲ್ಲಿಯೂ ಹೀನವಾಗಿ ಕಾಣಲಿಲ್ಲ.

ಗಾಲಿನ ಸಭೆಯು ಈ ಭೇದವನ್ನು ಯಾವಾಗಲೂ ಉಳಿಸಿಕೊಳ್ಳಲಿಲ್ಲ. ತೂರಿನ ಬಿಷಪ್ ಮಾರ್ಟಿನನು ಗುಡಿಗಳನ್ನು ಕೆಡವಿದ್ದನ್ನು ಅವನ ಚರಿತ್ರೆ ಬರೆದ ಸುಲ್ಪೀಸಿಯಸ್ ಸೆವೇರಸನು ಹೆಮ್ಮೆಯಿಂದಲೇ ವರ್ಣಿಸುತ್ತಾನೆ. ಸಾರ್‌ಬುರ್ಗ್‌ನ ಗುಡಿಯಲ್ಲಿಯೂ ಮಿಥ್ರಾಸನ ಶಿಲ್ಪ ಚೂರುಚೂರಾಗಿತ್ತು. ಅಲ್ಲಿಯೇ, ಕೈಗಳನ್ನು ಬೆನ್ನ ಹಿಂದೆ ಸರಪಳಿಯಿಂದ ಬಿಗಿದಿದ್ದ ಮನುಷ್ಯನೊಬ್ಬನ ಅಸ್ಥಿಪಂಜರ ಸಿಕ್ಕಿತು. ಇದು ಕ್ರೈಸ್ತರ ಕೆಲಸವೆಂದು ವಿದ್ವಾಂಸ ಫ್ರಾಂಜ್ ಕ್ಯುಮೋಂ ಊಹಿಸಿದನು. ಅದು ಊಹೆಯೇ ಹೊರತು ರುಜುವಾತಾದ ಸಂಗತಿಯಲ್ಲ. ಆದರೂ ಸಭಾಚರಿತ್ರೆಯನ್ನು ಕಲಿಸುವವರು ಅದನ್ನು ಮುಚ್ಚಿಡಬಾರದೆಂದು ನಮ್ಮ ಅಭಿಪ್ರಾಯ.

ಬೇರೊಂದು ದಾರಿಯೂ ಇತ್ತು. ಆರನೆಯ ಶತಮಾನದಲ್ಲಿ ತೂರಿನ ಗ್ರೆಗರಿಯು ದಕ್ಷಿಣ ಗಾಲಿನ ಬೆಟ್ಟದ ಮೇಲಣ ಸರೋವರವೊಂದರ ವೃತ್ತಾಂತವನ್ನು ಬರೆದಿದ್ದಾನೆ. ಹಳ್ಳಿಗರು ವರ್ಷಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಬಂದು ಬಟ್ಟೆ, ಉಣ್ಣೆ, ಗಿಣ್ಣು, ಮೇಣ, ರೊಟ್ಟಿಗಳನ್ನು ನೀರಿಗೆ ಎಸೆಯುತ್ತಿದ್ದರು. ಮೂರು ದಿನ ಪಶುಗಳನ್ನು ಕೊಯ್ದು ಉಣ್ಣುತ್ತಿದ್ದರು. ನಾಲ್ಕನೆಯ ದಿನ ಗುಡುಗು ಸಿಡಿಲಿನ ಬಿರುಮಳೆ ಬರುತ್ತಿತ್ತು. ಬಿಷಪನೊಬ್ಬನು ಹೋಗಿ, ಸರೋವರದಲ್ಲಿ ದೈವವಿಲ್ಲವೆಂದು ಬೋಧಿಸಿದನು. ಯಾರೂ ಕಿವಿಗೊಡಲಿಲ್ಲ. ಆಗ ಅವನು ದಡದಿಂದ ಸ್ವಲ್ಪ ದೂರದಲ್ಲಿ ಪ್ವಾತಿಯೇಯ ಸಂತ ಹಿಲರಿಯ ಹೆಸರಿನಲ್ಲಿ ದೇವಾಲಯವನ್ನು ಕಟ್ಟಿಸಿದನು. ಜನರು ನೀರಿಗೆ ಎಸೆಯುತ್ತಿದ್ದುದನ್ನು ಅಲ್ಲಿಗೆ ತಂದೊಪ್ಪಿಸತೊಡಗಿದರು. ಬಿರುಮಳೆಯೂ ನಿಂತಿತೆಂದು ಗ್ರೆಗರಿ ಹೇಳುತ್ತಾನೆ.

ಬೋಧನೆಯಿಂದ ಆಗದ ಕೆಲಸ ಕಟ್ಟಡದಿಂದ ಆಯಿತೆಂದು ಇದನ್ನು ಓದಿದರೆ ಸಾಲದು. ಗಿಣ್ಣು ರೊಟ್ಟಿಗಳು ದೇವರಿಗೆ ಸಲ್ಲತಕ್ಕವೆಂದು ಆ ಬಿಷಪನು ಒಪ್ಪಿಕೊಂಡನು. ಮಾರ್ಟಿನನ ಕೊಡಲಿಗೆ ಆಗದಿದ್ದದ್ದು ಅದೇ. ಆದರೆ ಕಾಣಿಕೆ ಸೇರುವ ಸ್ಥಳ ಬದಲಾದೊಡನೆ ಕೊಡುವವನ ಅರಿವೂ ಬದಲಾಗುವುದೆಂದು ನಂಬಲು ಆ ಸರೋವರವೇ ಬಿಡುವುದಿಲ್ಲ. ಅದು ಓಬ್ರಾಕ್ ಬೆಟ್ಟಗಳ ಸೇಂಟ್ ಆಂದೆಯೋಲ್ ಸರೋವರವೆಂದು ಬಹುಮಂದಿ ವಿದ್ವಾಂಸರು ಗುರುತಿಸುತ್ತಾರೆ. ಸಂತನ ಹೆಸರನ್ನೇ ಹೊತ್ತ ಆ ನೀರಿಗೆ, ಹತ್ತೊಂಬತ್ತನೆಯ ಶತಮಾನದಲ್ಲಿಯೂ, ಸುತ್ತಲಿನ ಹಳ್ಳಿಗರು ನಾಣ್ಯ ಬಟ್ಟೆಗಳನ್ನು ಎಸೆಯುತ್ತಿದ್ದರು.