ಮೇಲಿನ ಅಚ್ಚೂ ಒಳಗಿನ ನೂಲೂ

ಸೊನ್ನಲಿಗೆಯೆಂದೊಡನೆ ಸಿದ್ಧರಾಮೇಶ್ವರರ ನೆನಪು ಬರುವುದು ಸಹಜ. ಹನ್ನೆರಡನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿ ಕನ್ನಡ ವಚನಗಳನ್ನು ನುಡಿದ ಆ ಮಹಾಪುರುಷರ ಊರು, 1870ರ ದಶಕದಲ್ಲಿ ಹತ್ತಿಯ ಗಿರಣಿ ಸ್ಥಾಪಿತವಾದಂದಿನಿಂದ ಬಟ್ಟೆಯ ಊರೆಂದೂ ಖ್ಯಾತವಾಯಿತು. ಆ ಹಳೆಯ ಗಿರಣಿಗಳ ಹೊಗೆಗೊಳವೆಗಳು ಇಂದು ತಣ್ಣಗಾಗಿವೆ. ಆದರೆ ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಬೆಳೆಸಿದ ಚಾದರದ ಕಸುಬು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇನ್ನೂ ಉಸಿರಾಡುತ್ತಿದೆ.

ಬಟ್ಟೆಯಲ್ಲಿ ಚಿತ್ರವನ್ನು ಮೂಡಿಸುವುದಕ್ಕೆ ಎರಡು ಮುಖ್ಯ ಹಾದಿಗಳುಂಟು. ಮೊದಲನೆಯದು ಅಚ್ಚು. ಅಂಟು ಬೆರೆಸಿ ಮಂದಗೊಳಿಸಿದ ಬಣ್ಣವನ್ನು ಮರದ ಅಚ್ಚಿನಿಂದಲೋ, ಕೊರೆದ ಉರುಳೆಯಿಂದಲೋ, ಜಾಲರಿಯ ಮೂಲಕವೋ ನೇಯ್ದ ಬಟ್ಟೆಯ ಮೇಲೆ ಒತ್ತಿ, ಹಬೆಯಲ್ಲಿಯೋ ಕಾವಿನಲ್ಲಿಯೋ ನೆಲೆಗೊಳಿಸುವರು. ಎರಡನೆಯದು ನೇಯ್ಗೆ. ಸೋಲಾಪುರದ ಚಾದರ ಈ ಪಂಗಡದ್ದು.

ಇಲ್ಲಿ ಬಣ್ಣವು ಮೊದಲು ನೂಲನ್ನೇ ಸೇರುತ್ತದೆ. ವ್ಯಾಟ್ ಬಣ್ಣಗಳು ನೀರಿನಲ್ಲಿ ಕರಗವು. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸಲ್ಫೈಟುಗಳ ದ್ರಾವಣದಲ್ಲಿ ಕರಗಿ ನೂಲಿನೊಳಕ್ಕೆ ಇಳಿಯುವುವು. ಬಳಿಕ ಗಾಳಿ ತಾಗಲು ಮತ್ತೆ ಕರಗದ ರೂಪವನ್ನು ತಳೆದು ಎಳೆಯೊಳಗೇ ಸೆರೆಯಾಗುವುವು. ಆಮೇಲೆ ಹಾಸಿನ ನೂಲಿಗೆ ಗಂಜಿ ಕೊಟ್ಟು ಮಗ್ಗಕ್ಕೇರಿಸುವರು. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಯಂತ್ರದಲ್ಲಿ, ತೂತು ಹೊಡೆದ ರಟ್ಟುಗಳು ಯಾವ ಎಳೆ ಮೇಲೇಳಬೇಕೆಂಬುದನ್ನು ನಿಶ್ಚಯಿಸುತ್ತಿದ್ದುವು. ಅದೇ ತತ್ತ್ವದಿಂದ ಇಲ್ಲಿ ಹೂಬಳ್ಳಿಗಳೂ ತಯಾರಕರ ಹೆಸರಿನ ಅಕ್ಷರಗಳೂ ನೇಯ್ಗೆಯಲ್ಲಿಯೇ ಮೂಡುತ್ತವೆ.

ಅಚ್ಚಿನ ಕಲೆಯನ್ನು ನಾವು ಹೀಗಳೆಯುತ್ತಿಲ್ಲ. ಅದರ ಸೊಗಸು ಅದಕ್ಕುಂಟು. ನೇಕಾರನ ಅನ್ನಕ್ಕೆ ಕುತ್ತಾಗಿರುವುದು ಸುಳ್ಳು ಹೆಸರು. ಬೇರೆಡೆ ತಯಾರಾದ ಅಗ್ಗದ ಸರಕು ಸೋಲಾಪುರದ ಚೀಟಿಯನ್ನು ಅಂಟಿಸಿಕೊಂಡು ಪೇಟೆಗೆ ಬರುವುದುಂಟು. 2005-06ರ ಸಾಲಿನಲ್ಲಿ ಸೋಲಾಪುರದ ಚಾದರಕ್ಕೂ ಟೆರ್ರಿ ಟವೆಲಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು, ಹೆಸರಿಗೆ ಕಾನೂನಿನ ರಕ್ಷಣೆ ಬಂದಿತು. ಆದರೂ ಕೊಳ್ಳುವವರ ಕಣ್ಣು ಎಚ್ಚರವಾಗಿರದಿದ್ದರೆ ಕಾನೂನೊಂದೇ ಏನು ಮಾಡೀತು? ಚಾದರವನ್ನು ಮಗುಚಿ ನೋಡಿರಿ. ಮೇಲೊತ್ತಿದ ಚಿತ್ರ ಹಿಂಬದಿಯಲ್ಲಿ ಸಾಮಾನ್ಯವಾಗಿ ಮಾಸಲಾಗಿರುತ್ತದೆ. ನೇಯ್ದ ಚಿತ್ರವೋ ಬಣ್ಣಗಳನ್ನು ಅದಲುಬದಲು ಮಾಡಿಕೊಂಡು ಅಷ್ಟೇ ಸ್ಫುಟವಾಗಿ ಕಾಣುತ್ತದೆ.

ಗಡಿಯ ಕನ್ನಡಿಗರಾದ ನಮಗೆ ಇದರಲ್ಲೊಂದು ಪಾಠವೂ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೋಲಾಪುರ, ಅಕ್ಕಲಕೋಟೆಗಳು ಗೆರೆಯ ಈಚೆಗೆ ಉಳಿದುವು. ನಾವು ತೂಗುಹಾಕುವ ಕನ್ನಡ ಫಲಕ ಅಚ್ಚಿನ ಕೆಲಸ. ಮಕ್ಕಳೊಡನೆ ಮನೆಯಲ್ಲಿ ಆಡುವ ಕನ್ನಡ ನೂಲಿನ ಕೆಲಸ. ಫಲಕವೂ ಬೇಕು, ನಿಜ. ಆದರೆ ಬಿಸಿಲಿಗೆ ಅದರ ಬಣ್ಣ ಹಾರಿದ ದಿನ ಉಳಿಯುವುದು ಎಳೆಗೆ ಹಿಡಿದ ಬಣ್ಣವೇ ಅಲ್ಲವೆ?