ಬಿಸಿಲೂರಿನ ಗಾಜಿನ ಪೆಟ್ಟಿಗೆಯಲ್ಲಿ ಸೀತಾಳೆ ಹೂ

ಏಪ್ರಿಲ್ ತಿಂಗಳ ಮಧ್ಯಾಹ್ನ ಯಾದಗಿರಿಯಲ್ಲಿ ಉಷ್ಣಮಾಪಕದ ಪಾದರಸ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಒಗೆದು ಹಾಕಿದ ಧೋತರ ಅರ್ಧ ಗಂಟೆಯಲ್ಲಿ ಗರಿಗರಿಯಾಗುವಷ್ಟು ಗಾಳಿ ಒಣಗಿರುತ್ತದೆ. ಭೀಮೆಯ ದಂಡೆಯ ಈ ಊರಿನಲ್ಲಾಗಲಿ, ಶಹಾಪುರ, ಸುರಪುರಗಳ ಬಂಡೆಗುಡ್ಡಗಳ ನಡುವೆಯಾಗಲಿ ಮನೆಯಲ್ಲಿ ಆರ್ಕಿಡ್ ಬೆಳೆಸುತ್ತೇನೆಂದು ಹೊರಟವರನ್ನು ನೆರೆಹೊರೆಯವರು ಒಂದು ಥರಾ ನೋಡಿದರೆ ತಪ್ಪು ಹೇಳುವಂತಿಲ್ಲ. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಹೂವಿನ ಬಳಗದ ಗಿಡಗಳಿವು. ಮಳೆ, ಮಂಜು, ಪಾಚಿಗಟ್ಟಿದ ಮರ ಇವೇ ಅವುಗಳ ನೆಲೆ ಎಂಬ ಭಾವನೆ ಬಲವಾಗಿದೆ.

ಆದರೂ ಇಂದು ಒಣ ಸೀಮೆಯ ಹವ್ಯಾಸಿಗಳು ಮೀನು ಸಾಕುವ ಗಾಜಿನ ತೊಟ್ಟಿಯನ್ನೇ ತಿರುಗಿ ಬಳಸಿ, ಅದರೊಳಗೆ ಪಾಚಿ, ಇದ್ದಿಲು, ತೊಗಟೆ ಹಾಕಿ ಪುಟ್ಟ ಆರ್ಕಿಡ್‌ಗಳನ್ನು ಬೆಳೆಸಲು ಕಲಿಯುತ್ತಿದ್ದಾರೆ. ಇದಕ್ಕೆ ಟೆರಾರಿಯಂ ಎಂದು ಹೆಸರು. ಈ ಪೆಟ್ಟಿಗೆ ಹುಟ್ಟಿದ್ದು ಸುಮಾರು ಇನ್ನೂರು ವರ್ಷಗಳ ಹಿಂದೆ, ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ, ಅದೂ ಆಕಸ್ಮಿಕವಾಗಿ. ಅದು ಯಾಕೆ ಹುಟ್ಟಿತು ಎಂಬುದನ್ನು ತಿಳಿದವರಿಗೆ ಅದು ನಮ್ಮ ಬಿಸಿಲಿನಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೂ ತಿಳಿಯುತ್ತದೆ.

ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಲಂಡನ್ನಿನ ಪೂರ್ವ ಭಾಗದ, ಹಡಗುಕಟ್ಟೆಗಳ ಸಮೀಪದ ಬಡಾವಣೆಯ ವೈದ್ಯ. ಸಸ್ಯಗಳ ಹುಚ್ಚು. ಮನೆಯ ಹಿಂದೆ ಜರೀಗಿಡ ಬೆಳೆಸಬೇಕೆಂದು ಎಷ್ಟು ಹೆಣಗಿದರೂ ಹೊಗೆಗೆ ಎಲ್ಲವೂ ಸಾಯುತ್ತಿದ್ದವು. 1829ರಲ್ಲಿ ಅವನು ಪತಂಗವೊಂದರ ಕೋಶಾವಸ್ಥೆಯನ್ನು ಒದ್ದೆ ಮಣ್ಣಿನಲ್ಲಿ ಹೂತು, ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರೀಗಿಡ, ಒಂದು ಹುಲ್ಲು ತಾವಾಗಿಯೇ ಚಿಗುರಿದವು. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಅಂಟುತ್ತಿತ್ತು, ತಣ್ಣಗಾದಾಗ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊರಗಿನಿಂದ ತೊಟ್ಟು ನೀರೂ ಇಲ್ಲದೆ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಕೊನೆಗೆ ಮುಚ್ಚಳಕ್ಕೆ ತುಕ್ಕು ಹಿಡಿದು ಮಳೆನೀರು ಒಳನುಗ್ಗಿದಾಗ ಸತ್ತವು. ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ ಸತ್ತವು ಎಂಬುದನ್ನು ಹೊಸಬರು ನೆನಪಿಡಬೇಕು.

ವಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಆ ಕಾಲಕ್ಕೆ ಚೀನಾದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಕಳಿಸಿದ ಸಾವಿರ ಗಿಡಗಳಲ್ಲಿ ಒಂದು ಬದುಕಿದರೆ ಹೆಚ್ಚು ಎಂಬ ಲೆಕ್ಕವಿತ್ತು. ಉಪ್ಪುನೀರಿನ ತುಂತುರು, ಬಿಸಿಲು, ಸಿಹಿನೀರಿನ ಅಭಾವ ಇಷ್ಟೇ ಸಾಕಾಗುತ್ತಿತ್ತು. 1833ರಲ್ಲಿ ಅವನು ಗಾಜಿನ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ, ಹುಲ್ಲುಗಳನ್ನಿಟ್ಟು ಸಿಡ್ನಿಗೆ ಕಳಿಸಿದ, ಜೀವಂತ ತಲುಪಿದವು. ಮರುವರ್ಷ ಅದೇ ಪೆಟ್ಟಿಗೆಗಳು ಆಸ್ಟ್ರೇಲಿಯಾದ ಗಿಡಗಳನ್ನು ಹೊತ್ತು ಹಿಂದಿರುಗಿದವು. ದಾರಿಯಲ್ಲಿ ದಕ್ಷಿಣ ಅಮೆರಿಕದ ತುದಿ ಸುತ್ತುವಾಗ ಉಷ್ಣತೆ ಸೊನ್ನೆಯ ಕೆಳಗೆ ಏಳು ಡಿಗ್ರಿಗೆ ಇಳಿದಿತ್ತು, ಸಮಭಾಜಕ ವೃತ್ತದ ಹತ್ತಿರ ಹಡಗಿನ ಅಟ್ಟದ ಮೇಲೆ 49ಕ್ಕೆ ಏರಿತ್ತು. ಆದರೂ ಗಿಡಗಳು ಹಸಿರಾಗಿಯೇ ಲಂಡನ್ ಮುಟ್ಟಿದವು. ಚೀನಾದಿಂದ 20,000ಕ್ಕೂ ಹೆಚ್ಚು ಚಹಾ ಸಸಿಗಳನ್ನು ರಾಬರ್ಟ್ ಫಾರ್ಚೂನ್ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಮುಂದೆ ಇಂಥ ಪೆಟ್ಟಿಗೆಗಳಲ್ಲಿಯೇ. ಸಾಮ್ರಾಜ್ಯ ಕಟ್ಟಲು ಬಂದೂಕು ಮಾತ್ರ ಸಾಕಾಗಲಿಲ್ಲ, ಗಾಜೂ ಬೇಕಾಯಿತು.

ವಾರ್ಡ್ ತನ್ನ ಪ್ರಯೋಗಗಳ ಪುಸ್ತಕ ಪ್ರಕಟಿಸಿದ್ದು 1842ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸುರಪುರ ಸಂಸ್ಥಾನಕ್ಕೆ ಬಂದು ನೆಲೆಯೂರಿದವನು ಕರ್ನಲ್ ಮೆಡೋಸ್ ಟೇಲರ್. ಬಾಲಕ ರಾಜಾ ವೆಂಕಟಪ್ಪ ನಾಯಕ 'ಅಪ್ಪಾ' ಎಂದು ಕರೆಯುತ್ತಿದ್ದ ಈ ಆಂಗ್ಲ ಅಧಿಕಾರಿ 1853ರವರೆಗೆ ಇಲ್ಲಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಲಂಡನ್ನಿನವರು ಸಿಕ್ಕಷ್ಟು ಬೆಳಕು, ಬಿಸಿಯನ್ನು ಹಿಡಿದಿಡಲು ಗಾಜು ಕೂಡಿಸುತ್ತಿದ್ದ ದಿನಗಳಲ್ಲಿ ನಮ್ಮ ಊರುಗಳಲ್ಲಿ ಬಿಸಿಲನ್ನು ಹೊರಗಿಡಲು ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆಗಳ ಮನೆಗಳಿದ್ದವು. ಈ ವ್ಯತ್ಯಾಸದ ಮಾತು ಮುಂದೆ ಮತ್ತೆ ಬರುತ್ತದೆ.

1845ರಲ್ಲಿ ಇಂಗ್ಲೆಂಡ್ ಗಾಜಿನ ಮೇಲಿನ ಸುಂಕ ತೆಗೆದುಹಾಕಿತು. ಅಲ್ಲಿಯವರೆಗೆ ಶ್ರೀಮಂತರ ಆಟವಾಗಿದ್ದ ಗಾಜಿನ ಮನೆ ಮಧ್ಯಮ ವರ್ಗದವರ ಪಡಸಾಲೆಗೂ ಬಂತು. ಅಷ್ಟರಲ್ಲಾಗಲೇ ಆರ್ಕಿಡ್ ಹುಚ್ಚು ಹತ್ತಿತ್ತು. ಆದರೆ ಬೆಳೆಸುವ ವಿದ್ಯೆ ಬಂದಿರಲಿಲ್ಲ. ಪ್ರಸಿದ್ಧ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ 1830ರಲ್ಲಿ ಕೊಟ್ಟ ಸಲಹೆ ಹೆಚ್ಚು ಶಾಖ, ಹೆಚ್ಚು ತೇವ, ಹೆಚ್ಚು ನೆರಳು ಎಂಬುದಾಗಿತ್ತು. ಕಿಟಕಿ ಮುಚ್ಚಿ, ಒಲೆ ಉರಿಸಿ, ಹಬೆ ತುಂಬಿಸಿದ ಕೋಣೆಗಳಲ್ಲಿ ತಂಪು ಬೆಟ್ಟದ ಗಿಡ, ಬಿಸಿಲು ಬಯಲಿನ ಗಿಡ ಎಲ್ಲವೂ ಒಟ್ಟಿಗೆ ಕೊಳೆತವು. ಉಷ್ಣದೇಶದ ಆರ್ಕಿಡ್‌ಗಳಿಗೆ ಇಂಗ್ಲೆಂಡೇ ಸ್ಮಶಾನ ಎಂಬ ಮಾತು ಹುಟ್ಟಿತು. ಗಿಡದ ಮೂಲ ನೆಲೆಯನ್ನು ನೋಡಿ ಗಾಳಿಯಾಡಲು ಬಿಟ್ಟ ಕೆಲವೇ ತೋಟಗಾರರಲ್ಲಿ ಡೆವನ್‌ಷೈರ್ ಡ್ಯೂಕ್‌ನ ಜೋಸೆಫ್ ಪ್ಯಾಕ್ಸ್‌ಟನ್ ಒಬ್ಬ. ಇದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಸ್ಫಟಿಕ ಅರಮನೆ ಕಟ್ಟಿದವನು. ಅದರ ಮಾದರಿಯಿಂದ ಸ್ಫೂರ್ತಿ ಪಡೆದು 1889ರಲ್ಲಿ ಅಡಿಗಲ್ಲು ಬಿದ್ದದ್ದೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ. ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡಿಗರು ಕಡಿಮೆ.

ಈ ಹುಚ್ಚಿಗೆ ತೆತ್ತವು ಕಾಡುಗಳು. ಪ್ಯಾಕ್ಸ್‌ಟನ್‌ನ ಶಿಷ್ಯ ಜಾನ್ ಗಿಬ್ಸನ್ 1830ರ ದಶಕದಲ್ಲಿ ಖಾಸಿ ಬೆಟ್ಟಗಳಿಂದ ಹತ್ತಾರು ಹೊಸ ಆರ್ಕಿಡ್‌ಗಳನ್ನು ಒಯ್ದ. 1850ರಲ್ಲಿ ಅಲ್ಲಿಗೆ ಹೋದ ಜೋಸೆಫ್ ಹೂಕರ್, ಕ್ಯೂ ಉದ್ಯಾನಕ್ಕಾಗಿ ಏಳು ಆಳುಗಳು ಹೊರುವಷ್ಟು ನೀಲಿ ವಾಂಡಾ ಗಿಡಗಳನ್ನು ಕಿತ್ತ. ಇಂಗ್ಲೆಂಡಿಗೆ ಜೀವಂತ ಮುಟ್ಟಿದವು ಕೆಲವೇ. ಅವನ ಜೊತೆ ಆಳು ಕಳಿಸಿ ಜಾಗ ತಿಳಿದುಕೊಂಡ ಇನ್ನೊಬ್ಬನ ಒಂದು ಹೊರೆ ಗಿಡ, ಸೊರಗಿದ ಸ್ಥಿತಿಯಲ್ಲಿಯೂ 300 ಪೌಂಡಿಗೆ ಮಾರಾಟವಾಯಿತು. ಅಂಥ ಬೆಲೆ ಸಿಕ್ಕ ಮೇಲೆ ಕಾಡಿನಲ್ಲಿ ಏನು ಉಳಿದೀತು? ಇಂದು ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ; ನಮ್ಮ ವನ್ಯಜೀವಿ ಕಾಯಿದೆಗೆ 1991ರಲ್ಲಿ ಬಂದ ತಿದ್ದುಪಡಿ ನೀಲಿ ವಾಂಡಾಕ್ಕೆ ರಕ್ಷಣೆ ಕೊಟ್ಟಿತು.

ಕಾಡಿಗೆ ನಿಜವಾದ ಬಿಡುವು ಸಿಕ್ಕಿದ್ದು ಕಾಯಿದೆಗಿಂತ ಮೊದಲು, ಇನ್ನೊಂದು ಗಾಜಿನಿಂದ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಆಹಾರ ಅದರಲ್ಲಿ ಇಲ್ಲ. ಒಂದು ಜಾತಿಯ ಶಿಲೀಂಧ್ರ ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ ಎಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಇಟ್ಟು ಗಾಜಿನ ಸೀಸೆಯೊಳಗೇ ಬೀಜ ಮೊಳೆಯಿಸಿದ. ಇಂದು ಬೆಂಗಳೂರು, ಪುಣೆಯ ನರ್ಸರಿಗಳಲ್ಲಿ ಸಿಗುವ ಮಿಶ್ರತಳಿಗಳು ಹೀಗೆ ಸೀಸೆಯಲ್ಲಿ ಹುಟ್ಟಿದ ಸಂತಾನ. ಹೊಸಬರು ಕೊಳ್ಳಬೇಕಾದದ್ದು ಇವುಗಳನ್ನೇ. ಮಲೆನಾಡಿಗೆ ಪ್ರವಾಸ ಹೋದಾಗ ಮರದಿಂದ ಕಿತ್ತು ಚೀಲಕ್ಕೆ ಹಾಕಿಕೊಂಡದ್ದು ಹೂಕರನ ಹೊರೆಯ ದಾರಿಯನ್ನೇ ಹಿಡಿಯುತ್ತದೆ.

ಎಲ್ಲ ಆರ್ಕಿಡ್‌ಗೂ ಪೆಟ್ಟಿಗೆ ಬೇಕೆಂದಿಲ್ಲ. ದಖ್ಖನ್ನಿನ ಒಣ ಕಾಡುಗಳ ಮರಗಳ ಮೇಲೆ ವಾಂಡಾ ಟೆಸಲಾಟಾ ಎಂಬ ಗಟ್ಟಿ ಜೀವದ ಆರ್ಕಿಡ್ ಬೆಳೆಯುತ್ತದೆ. ವಾಂಡಾ ಎಂಬುದು ಸಂಸ್ಕೃತದ ಪದ. ಮರ ಹತ್ತಿದ ಬಂದಳಿಕೆಗೆ ಹಳಬರು ಇಟ್ಟ ಹೆಸರು, 1820ರಲ್ಲಿ ಒಂದು ಕುಲದ ವೈಜ್ಞಾನಿಕ ಹೆಸರಾಯಿತು. ಹೆಸರು ತಪ್ಪಲ್ಲ, ಅದು ಕೊಡುವ ಕಲ್ಪನೆ ಮಾತ್ರ ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಮರವನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ಅದರ ಬೇರಿನ ಮೇಲಿನ ಬಿಳಿ ಪದರ ಮಳೆನೀರನ್ನು ಸ್ಪಂಜಿನಂತೆ ಹೀರಿಟ್ಟುಕೊಳ್ಳುತ್ತದೆ. ನರ್ಸರಿಯಲ್ಲಿ ಸಿಕ್ಕರೆ ಇಂಥ ಗಿಡವನ್ನು ಅಂಗಳದ ಬೇವಿನ ಮರಕ್ಕೆ ಕಟ್ಟುವುದೇ ಸರಿ; ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಕೊಳೆಯುತ್ತದೆ.

ಪೆಟ್ಟಿಗೆ ಬೇಕಾದದ್ದು ಒಣಗಾಳಿ ತಾಳದ ಸಣ್ಣವಕ್ಕೆ. ಎಲೆಯ ಅಂದಕ್ಕೇ ಬೆಳೆಸುವ, ಕಡುಗೆಂಪು ಮಖಮಲ್ಲಿನ ಮೇಲೆ ತಾಮ್ರದ ಗೆರೆ ಎಳೆದಂತಿರುವ ಲುಡಿಸಿಯಾ ಮೊದಲ ಗಿಡಕ್ಕೆ ಒಳ್ಳೆಯದು. ಆಮೇಲೆ ಗಿಡ್ಡ ಜಾತಿಯ ಫಲೆನಾಪ್ಸಿಸ್. ಅಂಗಡಿಯವರು ತೋರಿಸುವ ದಕ್ಷಿಣ ಅಮೆರಿಕದ ಎತ್ತರದ ಬೆಟ್ಟಗಳ ಚಿತ್ತಾರದ ಹೂಗಳಿಗೆ ಮನಸೋಲಬಾರದು. ಅವಕ್ಕೆ ತಂಪು ರಾತ್ರಿ ಬೇಕು. ಮೇ ತಿಂಗಳ ಶಹಾಪುರದಲ್ಲಿ ಅದು ಎಲ್ಲಿ ಸಿಗುತ್ತದೆ? ವಾರ್ಡ್‌ನ ಪೆಟ್ಟಿಗೆ ತೇವವನ್ನು ಹಿಡಿದಿಡುತ್ತದೆ, ತಂಪನ್ನು ಹುಟ್ಟಿಸುವುದಿಲ್ಲ. ಅದನ್ನು ನೇರ ಬಿಸಿಲಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಒಲೆಯಾಗುತ್ತದೆ.

ತಳದಲ್ಲಿ ಒಡೆದ ಇಟ್ಟಿಗೆ ಚೂರು, ಅದರ ಮೇಲೆ ಇದ್ದಿಲು, ತೊಗಟೆ, ಪಾಚಿ ಹಾಕಬೇಕು. ಹೊಲದ ಎರೆಮಣ್ಣು ಬೇಡವೇ ಬೇಡ. ಮುಚ್ಚಳದ ಒಂದು ಅಂಚಿಗೆ ಜಾಳಿಗೆ ಕೂಡಿಸಿ ಗಾಳಿಗೆ ದಾರಿ ಬಿಡಬೇಕು. ಗಾಜು ಹಗಲಿಡೀ ಮಂಜುಗಟ್ಟಿದ್ದರೆ ತೇವ ಹೆಚ್ಚಾಗಿದೆ ಎಂದರ್ಥ. ಫಲೆನಾಪ್ಸಿಸ್‌ನ ಬೇರು ಹಸಿರಾಗಿದ್ದರೆ ನೀರು ಸಾಕು, ಬೆಳ್ಳಗಾದರೆ ಸಿಂಪಡಿಸಬೇಕು. ಕೊಳವೆಬಾವಿಯ ಸವಳು ನೀರು ಹಾಕಿದರೆ ಉಪ್ಪು ಬೇರಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಎರಡು ಕೊಡ ಹಿಡಿದಿಟ್ಟರೆ ಚಿಕ್ಕ ಪೆಟ್ಟಿಗೆಗೆ ಬಹಳ ತಿಂಗಳು ಬರುತ್ತದೆ.

ಇನ್ನು ಜಾಗದ ಮಾತು. ಹೊಸ ಕಾಂಕ್ರೀಟ್ ಮನೆಯ ಬಾಲ್ಕನಿ ಇದಕ್ಕೆ ಅತ್ಯಂತ ಕೆಟ್ಟ ಜಾಗ. ಸುರಪುರದ ಹಳೆಯ ಓಣಿಗಳಲ್ಲಿ ಎರಡು ಮೊಳ ದಪ್ಪದ ಗೋಡೆಯ, ಹಗಲಲ್ಲೂ ಕತ್ತಲಿರುವ ಒಳಕೋಣೆ ಇನ್ನೂ ಉಳಿದ ಮನೆಯಿದ್ದರೆ ಪೆಟ್ಟಿಗೆಯನ್ನು ಅಲ್ಲಿ, ನೆಲದ ಫರಸಿಗೆ ಹತ್ತಿರವಾಗಿ ಇಡಬೇಕು. ಬೆಳಕಿನ ಕೊರತೆಗೆ ಒಂದು ಎಲ್‌ಇಡಿ ದೀಪ ದಿನಕ್ಕೆ ಹನ್ನೆರಡು ಗಂಟೆ ಉರಿದರೆ ಸಾಕು.